“ಹೆಂಡ್ತೀನೂ ಸೇರ್ಕೊಂಡ್ರಾ?”

ಭಾನುವಾರ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರೆ ಸಾಕು, ದಾವಣಗೆರೆಯಲ್ಲಿ ನನ್ನ ಪರಿಚಯದವರು ತಡೆದು ನಿಲ್ಲಿಸುತ್ತಾರೆ. “ಮತ್ತೆ ಚರ್ಚಿಗೆ ಹೋಗ್ತಿಯಂತೆ? ವಾಪಸ್ ಸೇರ್ಸ್ಕೊಂಡ್ರಾ?” ಆಮೇಲೆ ದನಿ ತಗ್ಗಿಸಿ, “ಹೆಂಡ್ತೀನೂ ಸೇರ್ಕೊಂಡ್ರಾ?” ನಾನು ಕಥೋಲಿಕ ಕ್ರೈಸ್ತ. ಕೇಳುವವರಲ್ಲಿ ಹೆಚ್ಚಿನವರು ನನ್ನ ಹೆಂಡತಿಯ ಕಡೆ ನೆಂಟರು, ಲಿಂಗಾಯತರು. ಒಬ್ಬೊಬ್ಬರಿಗೂ ಬೀದಿಯಲ್ಲಿ ನಿಂತು ಹೇಳಿ ಸಾಕಾಗಿದೆ. ಇಲ್ಲೇ ಬರೆದುಬಿಡುತ್ತೇನೆ.

ಮೊದಲನೆಯದಕ್ಕೆ ಉತ್ತರ: ನನ್ನನ್ನು ಯಾರೂ ತೆಗೆದೇ ಇರಲಿಲ್ಲ. 2001ರಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದೆ. ಚರ್ಚಿನ ಗುರುಗಳು ಬೈಯ್ಯುತ್ತಾರೆ ಅಂತ ಒಂದು ಭಾನುವಾರ ತಪ್ಪಿಸಿದೆ. ಆ ಒಂದು ಭಾನುವಾರ ಹದಿನೇಳು ವರ್ಷ ಆಯಿತು. ಜಗಳ ಆಡಿ ಬಿಟ್ಟವರಿಗೆ ಹೇಳಿಕೊಳ್ಳಲು ಒಂದು ಕಥೆಯಾದರೂ ಇರುತ್ತದೆ, ನನಗೆ ಅದೂ ಇಲ್ಲ. ಕ್ರಿಸ್ಮಸ್‌ಗೆ ಅವ್ವನ ಜೊತೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಪರಮಪ್ರಸಾದಕ್ಕೆ, ಅಂದರೆ ಗುರುಗಳು ಕೊಡುವ ಪವಿತ್ರ ರೊಟ್ಟಿಗೆ, ಎಲ್ಲರೂ ಎದ್ದು ಸಾಲಿನಲ್ಲಿ ಹೋಗುವಾಗ ಮೊಣಕಾಲು ಓರೆ ಮಾಡಿ ದಾರಿ ಬಿಡುವುದಷ್ಟೇ ನನ್ನ ಕೆಲಸ. ಅವ್ವ ನನ್ನನ್ನು ದಾಟಿ ಹೋಗುವಾಗ ಒಂದು ಸಲವೂ ನನ್ನ ಮುಖ ನೋಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

2018ರ ಸೆಪ್ಟೆಂಬರ್ 8ಕ್ಕೆ ಅವ್ವನನ್ನು ಬೈಕಿನಲ್ಲಿ ಹರಿಹರದ ಆರೋಗ್ಯಮಾತೆ ಚರ್ಚಿನ ಹಬ್ಬಕ್ಕೆ ಕರೆದೊಯ್ದೆ. ಈಗ ಆ ಚರ್ಚು ಬಸಿಲಿಕಾ, ಅಂದರೆ ಪೋಪ್ ವಿಶೇಷ ಗೌರವ ಕೊಟ್ಟ ಚರ್ಚು. ಅವ್ವ ಒಳಗೆ ಹೋದಳು, ನಾನು ಹೊರಗೆ ಚಪ್ಪಲಿ ಕಾಯುತ್ತಾ ನಿಂತೆ. ಅಲ್ಲಿಗೆ ಬರುವವರಲ್ಲಿ ಕ್ರೈಸ್ತರಲ್ಲದವರು ಎಷ್ಟೋ ಜನ ಅನ್ನುವುದು ಈ ಕಡೆಯವರಿಗೆಲ್ಲ ಗೊತ್ತು. ನಮ್ಮ ಓಣಿಯ ಹೂವಿನವಳು ಮೇಣದಬತ್ತಿ ಹಿಡಿದು ಬಂದವಳು ನನ್ನನ್ನು ಕಂಡು, “ಅಣ್ಣಾ, ನಿಮ್ಮ ದೇವ್ರು, ನೀವ್ಯಾಕೆ ಹೊರಗೆ?” ಅಂದಳು. ಏನೋ ಸಬೂಬು ಹೇಳಿದೆ. ಮಾರನೆಯ ವಾರ ಗುರುಗಳ ಮನೆಯ ಬಾಗಿಲು ತಟ್ಟಿದೆ.

ಮತ್ತೆ ಜ್ಞಾನಸ್ನಾನ, ಅಂದರೆ ನೀರು ಹಾಕಿ ಕ್ರೈಸ್ತನನ್ನಾಗಿ ಮಾಡುವ ವಿಧಿ, ಮಾಡಿಸಿದರಾ ಅಂತಲೂ ಕೇಳುತ್ತಾರೆ. ಇಲ್ಲ. ಕಥೋಲಿಕರಲ್ಲಿ ಅದು ಒಮ್ಮೆ ಮಾತ್ರ, ಅಳಿಸಲು ಬರುವುದಿಲ್ಲ. ದಂಡವೂ ಇಲ್ಲ. ಬಹಳ ದಿನ ಬಿಟ್ಟವನಿಗೆ ಬೇಕಿರುವುದು ಪಾಪನಿವೇದನೆ, ಗುರುವಿನ ಮುಂದೆ ತಪ್ಪು ಹೇಳಿಕೊಂಡು ಕ್ಷಮೆ ಪಡೆಯುವುದು. ಆದರೆ ನನ್ನ ವಿಷಯದಲ್ಲಿ ಅದರ ಜೊತೆಗೆ ಮದುವೆಯ ತೊಡಕನ್ನೂ ಬಿಡಿಸಬೇಕಿತ್ತು. ಕಥೋಲಿಕನಾದವನು ಗುರುವಿನ ಮುಂದೆ, ಇಬ್ಬರು ಸಾಕ್ಷಿಗಳ ಎದುರು ಒಪ್ಪಿಗೆ ಹೇಳದೆ ಆದ ಮದುವೆ ಸರ್ಕಾರದ ಲೆಕ್ಕಕ್ಕೆ ಸರಿ, ಧರ್ಮಸಭೆಯ, ಅಂದರೆ ಚರ್ಚಿನ, ಲೆಕ್ಕಕ್ಕೆ ಇಲ್ಲ. ಹಾಗಾಗಿ ಅವಳನ್ನೇ ಚರ್ಚಿನಲ್ಲಿ ಇನ್ನೊಮ್ಮೆ ಮದುವೆಯಾಗಬೇಕಿತ್ತು.

ಇಲ್ಲಿಗೆ ಆ ತಗ್ಗಿದ ದನಿಯ ಪ್ರಶ್ನೆ ಬಂತು. ಇಲ್ಲ, ಅವಳು ಸೇರಿಕೊಂಡಿಲ್ಲ. ಸೇರು ಅಂತ ಯಾರೂ ಹೇಳಲೂ ಇಲ್ಲ. ಜ್ಞಾನಸ್ನಾನ ಆಗದವರನ್ನು ಮದುವೆಯಾಗಲು ಬಿಷಪ್ ಅವರ ಅನುಮತಿ ಬೇಕು. ದಾವಣಗೆರೆ ಶಿವಮೊಗ್ಗದ ಬಿಷಪ್ ನೋಡಿಕೊಳ್ಳುವ ಧರ್ಮಕ್ಷೇತ್ರಕ್ಕೆ ಸೇರಿದೆ, ಹಾಗಾಗಿ ಕಾಗದ ಶಿವಮೊಗ್ಗಕ್ಕೆ ಹೋಯಿತು. ನಾನು ಮಾತ್ರ ಒಂದು ಮಾತು ಕೊಡಬೇಕಿತ್ತು: ನನ್ನ ನಂಬಿಕೆ ಬಿಡುವುದಿಲ್ಲ, ಮಕ್ಕಳನ್ನು ಈ ನಂಬಿಕೆಯಲ್ಲಿ ಬೆಳೆಸಲು ನನ್ನ ಕೈಲಾದದ್ದು ಮಾಡುತ್ತೇನೆ ಅಂತ. ಅವಳು ಸಹಿ ಹಾಕಿ ಮಾತು ಕೊಡಬೇಕಿಲ್ಲ, ನಾನು ಹೀಗೆ ಮಾತು ಕೊಟ್ಟಿದ್ದೇನೆ ಅಂತ ಅವಳಿಗೆ ಗೊತ್ತಿದ್ದರೆ ಸಾಕು. ಈ ಮಾತು ಸಲೀಸಾಗಿರಲಿಲ್ಲ. ಮಗಳಿಗೆ ಆಗಲೇ ಹದಿನಾಲ್ಕು. ಮೂರು ರಾತ್ರಿ ಮನೆಯಲ್ಲಿ ಇದೇ ಚರ್ಚೆ. ಕೊನೆಗೆ ನನ್ನವಳು, “ಮಗಳಿಗೆ ಹೇಳ್ಕೊಡ್ರಿ, ಒತ್ತಾಯ ಮಾಡ್ಬೇಡ್ರಿ” ಅಂದಳು. ಅದಾದ ಮೇಲೆ, “ಹದಿನೇಳು ವರ್ಷದ ಮೇಲೆ ಇನ್ನೊಂದು ಮದುವಿ ಅಂದ್ರೆ ಸೀರೆನೂ ಹೊಸದೇ ಬೇಕು.” ಅವಳ ಕೊರಳಲ್ಲಿ ಲಿಂಗ ಹಾಗೇ ಇದೆ. ದುಗ್ಗಮ್ಮನ ಜಾತ್ರೆ ಬಂದರೆ ಮನೆ ತುಂಬ ನೆಂಟರು.

ಪಾಪನಿವೇದನೆಗೆ ನಾನು ಪಟ್ಟಿ ಬರೆದುಕೊಂಡು ಹೋಗಿದ್ದೆ, ದಿನಸಿ ಚೀಟಿಯ ಹಾಗೆ. ಕೈ ನಡುಗಿ ಓದಲಾಗಲಿಲ್ಲ. “ಎಷ್ಟು ದಿನ ಆಯ್ತು?” “ಹದಿನೇಳು ವರ್ಷ ಫಾದರ್.” “ಪರವಾಗಿಲ್ಲ, ನೆನಪಿದ್ದಷ್ಟು ಹೇಳಿ.” ಅಲ್ಲಿ ಹೇಳಿದ್ದನ್ನು ಗುರು ಯಾವ ಕಾರಣಕ್ಕೂ ಹೊರಗೆ ಬಾಯಿ ಬಿಡುವಂತಿಲ್ಲ. ನಾನು ಬಿಡಬಹುದು, ಆದರೂ ಬಿಡಲ್ಲ. ಪ್ರಾಯಶ್ಚಿತ್ತಕ್ಕೆ ಒಂದು ಜಪಸರ ಮಾಡಲು ಹೇಳಿದರು. ಮಣಿ ಎಣಿಸುತ್ತಾ, ಯೇಸು ಮತ್ತು ಮರಿಯಮ್ಮನವರ ಬದುಕಿನ ಘಟನೆಗಳನ್ನು ನೆನೆಯುತ್ತಾ ಮಾಡುವ ಪ್ರಾರ್ಥನೆ ಅದು. ಆ ಘಟನೆಗಳಿಗೆ ರಹಸ್ಯ ಅನ್ನುತ್ತೇವೆ, ಯಾವ ದಿನಕ್ಕೆ ಯಾವುದು ಅಂತ ಇದೆ.

ಅವತ್ತು ಗುರುವಾರ. ಅವ್ವನ ಪಕ್ಕ ಕೂತು ಸಂತೋಷದ ರಹಸ್ಯ ಶುರು ಮಾಡಿದೆ. ಅವ್ವ ತಡೆದಳು. “ಗುರುವಾರ ಬೆಳಕಿನ ರಹಸ್ಯ ಕಣೋ.” ನಾನು ಬಿಡುವಾಗ ಇದ್ದದ್ದು ಹದಿನೈದೇ ರಹಸ್ಯ. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇನ್ನೂ ಐದು ಸೇರಿಸಿದ್ದರು. ಯೊರ್ದಾನ್ ನದಿಯ ಸ್ನಾನ, ಕಾನಾ ಊರಿನ ಮದುವೆ ಮೊದಲಾದವು. ನನಗೆ ಸುದ್ದಿಯೇ ಇರಲಿಲ್ಲ. ಮಗಳಿಗೆ ಹೇಳಿಕೊಡಬೇಕಾದವನು ಅವ್ವನ ಹತ್ತಿರ ಹೇಳಿಸಿಕೊಂಡೆ.

ಚರ್ಚಿನಲ್ಲಿ ಎರಡನೇ ಮದುವೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಬಲಿಪೂಜೆ, ಅಂದರೆ ಪರಮಪ್ರಸಾದ ಕೊಡುವ ಆರಾಧನೆ, ಇರಲಿಲ್ಲ, ಸಾಕ್ಷಿಗೆ ನನ್ನ ತಮ್ಮ ಮತ್ತು ಅವಳ ಅಕ್ಕ. ಆಮೇಲೆ ಗುರುಗಳು ಹಳೆಯ ಜ್ಞಾನಸ್ನಾನದ ದಫ್ತರು ತೆಗೆಸಿದರು. ಮದುವೆಯನ್ನು ಅಲ್ಲೂ ಅಂಚಿನಲ್ಲಿ ಗುರುತು ಹಾಕಬೇಕಂತೆ. 1975ರ ಪುಟದಲ್ಲಿ ನನ್ನ ಹೆಸರು, ಶಾಯಿ ಕಂದು ತಿರುಗಿತ್ತು. ಪಕ್ಕದಲ್ಲಿ ಅವಳ ಹೆಸರು ಬರೆದರು. ಅವಳು ಬಗ್ಗಿ ನೋಡಿ, “ಫಾದರ್, ಅಲ್ಲೊಂದು ಅಕ್ಷರ ತಪ್ಪಾಗೈತೆ, ತಿದ್ರಿ” ಅಂದಳು. ತಿದ್ದಿದರು.