ದಿಂಬು ಅವುಚಿ ಕೂತವಳು

ಕೊರಿಯಾದ ಛಾಯಾಗ್ರಾಹಕಿ ಪಾರ್ಕ್ ಯಂಗ್‌ಸೂಕ್ ಅವರ ‘ಹುಚ್ಚು ಹೆಂಗಸರು’ ಸರಣಿಯಲ್ಲಿ ಒಬ್ಬಾಕೆ ದಿಂಬನ್ನು ಎಳೆಗೂಸಿನ ಹಾಗೆ ಅವುಚಿಕೊಂಡಿದ್ದಾಳೆ. ನೋಡಿದಷ್ಟೂ ಕಾಡುವ ಚಿತ್ರ. ಅದರ ಕಸುವು ಎಲ್ಲಿದೆ ಅಂತ ಕೈಯಾರೆ ತಿಳಿಯಲು ಒಂದು ಭಾನುವಾರ ಅದೇ ಬಗೆಯ ಚಿತ್ರ ತೆಗೆಯಲು ಕೂತೆವು.

ಮಲಗುವ ಕೋಣೆ, ಪಕ್ಕಕ್ಕೆ ಕಿಟಕಿ, ತೆಳು ಬಿಳಿ ಪರದೆ. ಮೊದಲು ಟ್ಯೂಬ್‌ಲೈಟ್ ಆರಿಸಬೇಕು. ಅದು ಕಿಟಕಿ ಬೆಳಕಿನ ಜೊತೆ ಬೆರೆತರೆ ಕಲರ್ ನೆಗೆಟಿವ್‌ನಲ್ಲಿ ಮುಖ ಹಸಿರು ಹೊಡೆಯುತ್ತದೆ. ಪ್ರಿಂಟಿನಲ್ಲಿ ಸರಿಮಾಡಲು ಹೋದರೆ ಕಿಟಕಿ ಕಡೆಯ ಕೆನ್ನೆ ಗುಲಾಬಿಯಾಗುತ್ತದೆ. 400 ಐಎಸ್‌ಒ ಫಿಲ್ಮ್, 80 ಎಂಎಂ ಲೆನ್ಸ್, ಲೆನ್ಸಿನ ಕಿಂಡಿ ಎಫ್ 8, ಶಟರ್ ತೆರೆದಿರುವುದು ಸೆಕೆಂಡಿನ 15ನೇ ಒಂದು ಭಾಗ. ಟ್ರೈಪಾಡ್, ಕ್ಯಾಮೆರಾ ಮುಟ್ಟದೆ ಕ್ಲಿಕ್ಕಿಸುವ ತಂತಿಯಾದ ಕೇಬಲ್ ರಿಲೀಸ್ ಇಲ್ಲದೆ ಆಗದು. ಕ್ಯಾಮೆರಾ ಕೂತವಳ ಕಣ್ಣಿನ ಮಟ್ಟಕ್ಕೇ ಇರಬೇಕು. ಒಂದಡಿ ಮೇಲೇರಿಸಿದರೂ ಆಕೆ ‘ಅಯ್ಯೋ ಪಾಪ’ ಅನ್ನುವ ಹಾಗೆ ಕಾಣುತ್ತಾಳೆ, ಅಲ್ಲಿಗೆ ಚಿತ್ರ ಕೆಟ್ಟಿತು.

12 ಫ್ರೇಮಿನ ರೋಲಿನಲ್ಲಿ ಮೊದಲ ಏಳು ದಂಡವಾದವು. ಗೆಳತಿ ಕೂದಲು ಕೆದರಿಕೊಂಡು ಕಣ್ಣರಳಿಸಿದಳು. ಸಿನಿಮಾದ ಹುಚ್ಚಿ ಬಂದು ಕೂತಳು. ಆಮೇಲೆ ಏನೂ ಹೇಳದೆ ಬಿಟ್ಟೆವು. ಇಪ್ಪತ್ತು ನಿಮಿಷಕ್ಕೆ ತೋಳು ಸೋತು ದಿಂಬು ತೊಡೆಗೆ ಜಾರಿತು, ಅದನ್ನು ಮತ್ತೆ ಎದೆಗೆ ಎಳೆದುಕೊಂಡಳು. ದಿಂಬಿನ ಮೂಲೆ ಮುಷ್ಟಿಯಲ್ಲಿ ಮುದುಡಿತ್ತು, ನೋಟ ಎಲ್ಲೂ ನಿಂತಿರಲಿಲ್ಲ. ಒಂಬತ್ತನೆಯದು ಅದು.

ಪಾರ್ಕ್ ವೃತ್ತಿ ಮಾಡೆಲ್‌ಗಳ ಬದಲು ಸ್ತ್ರೀವಾದಿ ಒಡನಾಡಿಗಳನ್ನು ಕೂರಿಸಿದ್ದು ಯಾಕೆಂದು ಇಲ್ಲಿ ಅರ್ಥವಾಗುತ್ತದೆ. ಮನೆಯೊಳಗಿನ ದಣಿವನ್ನು ನಟಿಸಿ ತೋರಿಸಲು ಬರುವುದಿಲ್ಲ, ಅದು ಮೈಯಲ್ಲೇ ಇರಬೇಕು. 1941ರಲ್ಲಿ ಚೊನಾನ್‌ನಲ್ಲಿ ಹುಟ್ಟಿದ ಅವರು ಸೂಕ್‌ಮ್ಯೂಂಗ್ ಮಹಿಳಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವರು. 1988ರಲ್ಲೇ ಕವಯಿತ್ರಿಯರು, ಚಿತ್ರಕಲಾವಿದೆಯರ ಜೊತೆ ಸ್ತ್ರೀ ವಿಮೋಚನೆಯ ಪ್ರದರ್ಶನದಲ್ಲಿ ‘ಮಾಟಗಾತಿ’ ಕೃತಿಯನ್ನಿಟ್ಟರು. ‘ಹುಚ್ಚು ಹೆಂಗಸರು’ 1999ರಿಂದ 2005ರವರೆಗಿನ ಕೆಲಸ. ಗಂಡಸನ್ನೇ ಮನೆಯ ಯಜಮಾನನಾಗಿ ದಾಖಲಿಸುತ್ತಿದ್ದ ‘ಹೋಜು’ ಪದ್ಧತಿ ರದ್ದುಪಡಿಸುವ ಕಾನೂನು ತಿದ್ದುಪಡಿ ಕೊರಿಯಾದಲ್ಲಿ ಆದದ್ದೂ 2005ರಲ್ಲೇ. ಜಾರಿಗೆ ಬಂದದ್ದು 2008ಕ್ಕೆ. ಈ ನಡುವೆ ಪಾರ್ಕ್ ಸೋಲ್‌ನಲ್ಲಿ ಛಾಯಾಚಿತ್ರಗಳಿಗೆಂದೇ ಟ್ರಂಕ್ ಗ್ಯಾಲರಿ ತೆರೆದರು.

ಇಂಥ ಚಿತ್ರದಲ್ಲಿ ರೋಲಿನ ಎಲ್ಲ ಫ್ರೇಮುಗಳೂ ಪುಟ್ಟದಾಗಿ ಒಂದೇ ಹಾಳೆಯಲ್ಲಿ ಮೂಡುವ ಕಾಂಟ್ಯಾಕ್ಟ್ ಶೀಟನ್ನು ಮೊದಲು ನೋಡಬೇಕಾದವಳು ಕೂತವಳೇ. ಬೇಡವೆಂದರೆ ಆ ಫ್ರೇಮ್ ಹೋಯಿತು. ಗೆಳತಿ ಲೂಪ್ ಎಂಬ ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿ, ಒಂಬತ್ತನೆಯದರ ಸುತ್ತ ಕೆಂಪು ಪೆನ್ಸಿಲ್ ಎಳೆದಳು.