‘ಟೈಮ್‌ಔಟ್’ ಅಂದರೆ ಆಗಿದೆಯಾ, ಆಗಿಲ್ಲವಾ?

ಲಿನಕ್ಸ್ ಡ್ರೈವರ್‌ಗಳ ಕೋಡ್ ಓದುವವರು ಈ ಸಾಲುಗಳನ್ನು ನೋಡಿಯೇ ಇರುತ್ತೀರಿ. ಐ2ಸಿ (ಚಿಪ್‌ಗಳು ಪರಸ್ಪರ ಮಾತಾಡುವ ಒಂದು ಸಂಪರ್ಕ) ಕಂಟ್ರೋಲರ್‌ಗೆ ಕೆಲಸ ಒಪ್ಪಿಸಿ, ‘ಮುಗಿಯಿತು’ ಎನ್ನುವ ಇಂಟರಪ್ಟ್ ಸಂಕೇತ ಬರುವ ತನಕ ಗಡುವಿಟ್ಟು ‘ವೇಟ್_ಫಾರ್_ಕಂಪ್ಲೀಶನ್_ಟೈಮ್‌ಔಟ್’ನಲ್ಲಿ ಕಾಯುತ್ತೇವೆ. ಅದು ಹಿಂದಿರುಗಿಸಿದ್ದನ್ನು ‘ಟೈಮ್‌ಔಟ್’ ಎಂಬ ವೇರಿಯಬಲ್‌ಗೆ ಹಾಕಿಕೊಳ್ಳುತ್ತೇವೆ. ಮುಂದಿನ ಸಾಲು ‘ಇಫ್ (!ಟೈಮ್‌ಔಟ್)’, (‘!’ ಅಂದರೆ ‘ಇಲ್ಲ’, ಬೆಲೆ ಸೊನ್ನೆಯಾದರೆ ನಿಜ) ಅದರ ಕೆಳಗೆ ‘ರಿಟರ್ನ್ -ಇಟೈಮ್ಡ್‌ಔಟ್’. ಬಾಯಿಬಿಟ್ಟು ಓದಿ ನೋಡಿ: ಟೈಮ್‌ಔಟ್ ಆಗದಿದ್ದರೆ ಟೈಮ್‌ಔಟ್ ಎರರ್ ಕೊಡು!

ಕೋಡ್ ಸರಿಯಾಗಿಯೇ ಇದೆ. ಗಡುವು ಮೀರಿದರೆ ಆ ಫಂಕ್ಷನ್ ಸೊನ್ನೆ ಕೊಡುತ್ತದೆ. ಅಷ್ಟರೊಳಗೆ ಕೆಲಸ ಮುಗಿದರೆ ಉಳಿದ ಸಮಯವನ್ನು ಜಿಫಿಗಳಲ್ಲಿ (ಲಿನಕ್ಸ್‌ನ ತಿರುಳಾದ ಕರ್ನಲ್‌ನ ಗಡಿಯಾರದ ಟಿಕ್‌ಗಳಲ್ಲಿ) ಕೊಡುತ್ತದೆ, ಕಡಿಮೆಯೆಂದರೆ 1. ಎಡವಟ್ಟು ಇರುವುದು ಹೆಸರಲ್ಲಿ. ನಮ್ಮ ತಂಡಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು, ‘ಇಲ್ಲಿ ಕಂಡೀಶನ್ ಉಲ್ಟಾ ಆಗಿದೆಯಲ್ಲಾ ಸರ್’ ಎಂದು ಆಶ್ಚರ್ಯಸೂಚಕ ಚಿಹ್ನೆಯನ್ನು ತೆಗೆದ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿದ್ದಳು. ಅವಳದೇನೂ ತಪ್ಪಿಲ್ಲ, ಇದ್ದದ್ದನ್ನು ಇದ್ದ ಹಾಗೆ ಓದಿದ್ದಳು. ಆ ಪ್ಯಾಚ್ ಒಳಗೆ ಹೋಗಿದ್ದರೆ ಯಶಸ್ವಿಯಾದ ಪ್ರತಿ ಟ್ರಾನ್ಸ್‌ಫರ್ ಕೂಡ ಎರರ್ ಆಗುತ್ತಿತ್ತು.

ವೇರಿಯಬಲ್ಲಿಗೆ ‘ರೆಟ್’ (‘ರಿಟರ್ನ್’ನ ಚಿಕ್ಕ ರೂಪ) ಎಂದು ಹೆಸರಿಟ್ಟರೂ ಬಗೆಹರಿಯುವುದಿಲ್ಲ. ಕರ್ನಲ್‌ನಲ್ಲಿ ‘ರೆಟ್’ ಸೊನ್ನೆಯಾದರೆ ಗೆದ್ದಂತೆ ಎಂದು ಕಣ್ಣಿಗೆ ರೂಢಿಯಾಗಿಬಿಟ್ಟಿದೆ, ಇಲ್ಲಿ ಸೊನ್ನೆಯೇ ಸೋಲು.

2024ರಲ್ಲಿ ಕರ್ನಲ್‌ನ ಐ2ಸಿ ಭಾಗದ ಮೇಂಟೇನರ್ (ಉಸ್ತುವಾರಿ) ವೋಲ್ಫ್ರಾಮ್ ಸಾಂಗ್ ಈ ವೇರಿಯಬಲ್ಲನ್ನು ‘ಟೈಮ್_ಲೆಫ್ಟ್’ ಎಂದು ಬದಲಿಸುವ ಪ್ಯಾಚ್‌ಗಳನ್ನು ಸಾಲುಸಾಲಾಗಿ ಕಳಿಸಿದರು, ಐ2ಸಿಗೆ ಮಾತ್ರವಲ್ಲ, ಎಸ್‌ಪಿಐ (ಚಿಪ್‌ಗಳ ಇನ್ನೊಂದು ಸಂಪರ್ಕ), ಮೀಡಿಯಾ ಡ್ರೈವರ್‌ಗಳಿಗೂ. ಈಗ ಓದಿ: ಸಮಯ ಉಳಿದಿಲ್ಲವೇ? ಹಾಗಾದರೆ ಎರರ್. ಕಾಮೆಂಟ್ ಬೇಡ, ಮ್ಯಾನ್ಯುಯಲ್ ಬೇಡ. ನನಗೆ ಅಪಾರ ಖುಷಿ ಕೊಟ್ಟ ಪ್ಯಾಚ್‌ಗಳಿವು.

ಯೂನಿಟ್ ಕಾಣದ ಹೆಸರುಗಳ ಕಥೆಯೂ ಇಷ್ಟೇ. ‘ಟೈಮ್‌ಔಟ್ = 100’ ಎಂದರೆ ಮಿಲಿಸೆಕೆಂಡೋ, ಜಿಫಿಯೋ? ಜಿಫಿಯಾದರೆ ಎಚ್‌ಝಡ್ (ಸೆಕೆಂಡಿಗೆ ಎಷ್ಟು ಜಿಫಿ ಎಂಬ ಸೆಟ್ಟಿಂಗ್) 100 ಇರುವ ಕರ್ನಲ್‌ನಲ್ಲಿ ಅದು ಒಂದು ಸೆಕೆಂಡ್, 1000 ಇದ್ದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ. ‘ಟೈಮ್‌ಔಟ್_ಎಂಎಸ್’ ಎಂದು ಬರೆದು, ಕಾಯುವ ಜಾಗದಲ್ಲಿ ಮಿಲಿಸೆಕೆಂಡನ್ನು ಜಿಫಿಗೆ ಬದಲಿಸುವ ‘ಎಂಸೆಕ್ಸ್_ಟು_ಜಿಫೀಸ್’ ಬಳಸಿದರೆ ಅನುಮಾನಕ್ಕೆ ಎಡೆಯೇ ಇಲ್ಲ.

ಹೆಸರು ಬದಲಿಸುತ್ತ ಕೂತರೆ ಗಿಟ್ ಬ್ಲೇಮ್ (ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರು ಎಂಬ ದಾಖಲೆ) ಕಲಸಿಹೋಗುತ್ತದೆ, ಹಳೆಯ ಸ್ಟೇಬಲ್ ಬ್ರಾಂಚ್‌ಗಳಿಗೆ ಪ್ಯಾಚ್ ಒಯ್ಯುವಾಗ ಕಾನ್‌ಫ್ಲಿಕ್ಟ್ ಬರುತ್ತದೆ ಎಂಬ ಆಕ್ಷೇಪ ನಿಜವೇ. ಅದಕ್ಕೇ ನಾನು ‘ಐ’, ‘ಟಿಎಂಪಿ’ಯಂಥ ಚಿಕ್ಕ ಹೆಸರುಗಳ ತಂಟೆಗೆ ಹೋಗುವುದಿಲ್ಲ; ಲೋಕಲ್ ವೇರಿಯಬಲ್ ಹೆಸರು ಚಿಕ್ಕದಿರಲಿ ಎಂದು ಕರ್ನಲ್‌ನ ಕೋಡಿಂಗ್ ಸ್ಟೈಲ್ ಕೂಡ ಹೇಳುತ್ತದೆ. ಆದರೆ ಇರುವುದಕ್ಕೆ ತದ್ವಿರುದ್ಧವಾದುದನ್ನು ಹೇಳುವ ಹೆಸರು ರಿವ್ಯೂಗೆ ಬಂದರೆ ಬದಲಿಸುವ ತನಕ ಒಪ್ಪಿಗೆ ಕೊಡುವುದಿಲ್ಲ.