ಮೈನಸ್ 127

ಲ್ಯಾಪ್‌ಟಾಪ್‌ನಲ್ಲಿ ಮೂರೇ ನಿಮಿಷಕ್ಕೆ ಸಿಕ್ಕಿಬಿದ್ದ ದೋಷ, ಉಪಗ್ರಹದ ಕಂಪ್ಯೂಟರ್ ಬೋರ್ಡ್ ಮೇಲೆ ಸಿಗಲೇ ಇಲ್ಲ. ಇಡೀ ದಿನ ಹೋಗಿದ್ದು ಇಷ್ಟಕ್ಕೇ.

ನಮ್ಮದು ಕ್ಯೂಬ್‌ಸ್ಯಾಟ್, ಅಂದರೆ ಪುಟಾಣಿ ಉಪಗ್ರಹ. ಒಂದು ಯೂನಿಟ್ ಅಂದರೆ 10 ಸೆಂಟಿಮೀಟರ್ ಅಗಲ, ಉದ್ದ, ಎತ್ತರದ ಪೆಟ್ಟಿಗೆ. ಮೇಲೆ ಹೋದಮೇಲೆ ಸುಮಾರು 95 ನಿಮಿಷಕ್ಕೊಂದು ಸುತ್ತು. ನಮ್ಮ ಆಂಟೆನಾಗೆ ಸಿಗುವುದು ಒಂದು ಸಲಕ್ಕೆ 10 ನಿಮಿಷ, ಅದೂ ದಿನಕ್ಕೆ ಕೆಲವೇ ಸಲ. ಉಳಿದ ಹೊತ್ತಿನಲ್ಲಿ ಏನಾದರೂ ಕೆಟ್ಟರೆ ಉಪಗ್ರಹವೇ ಕಂಡುಕೊಳ್ಳಬೇಕು. ಅದಕ್ಕಾಗಿ ಆಟೋಎನ್‌ಕೋಡರ್ ಅನ್ನುವ ಒಂದು ಪುಟ್ಟ ನ್ಯೂರಲ್ ನೆಟ್‌ವರ್ಕ್ (ಡೇಟಾ ನೋಡಿ ಕಲಿಯುವ ಪ್ರೋಗ್ರಾಂ) ಮಾಡಿದ್ದೆ. ವೋಲ್ಟೇಜು, ಕರೆಂಟು, ತಾಪಮಾನಗಳನ್ನು ನುಂಗಿ, ಹಿಂಡಿ, ಮತ್ತೆ ಹಾಗೇ ಉಗುಳುವುದು ಅದರ ಕೆಲಸ. ಉಗುಳಿದ್ದು ನುಂಗಿದ್ದಕ್ಕೆ ಹೊಂದದಿದ್ದರೆ ಏನೋ ಎಡವಟ್ಟಾಗಿದೆ ಅಂತ ಅರ್ಥ. ಅದರೊಳಗೆ ಸುಮಾರು 32 ಸಾವಿರ ತೂಕಗಳು, ಅಂದರೆ ಅದು ಕಲಿತಿಟ್ಟುಕೊಂಡ ಸಂಖ್ಯೆಗಳು. ಲ್ಯಾಪ್‌ಟಾಪ್‌ನಲ್ಲಿ ಫ್ಲೋಟ್ ಅನ್ನುವ ನಿಖರ ದಶಮಾಂಶ ರೂಪದಲ್ಲಿ 128 ಕೆಬಿ ಇದ್ದದ್ದು, ಬೋರ್ಡಿಗಾಗಿ 8 ಬಿಟ್‌ನ ಒರಟು ಸಂಖ್ಯೆಗಳಿಗೆ ಇಳಿಸಿದಾಗ 32 ಕೆಬಿ ಆಯಿತು. ಖುಷಿಯಾಗಿದ್ದೆ.

ಬೆಳಿಗ್ಗೆ ಮೇಜಿನ ಮೇಲೆ ಒಂದು ಸೌರಫಲಕದ ಕರೆಂಟನ್ನು ಮೆಲ್ಲಗೆ ಇಳಿಸುತ್ತಾ ಬಂದೆ. ಬೋರ್ಡ್ ಸುಮ್ನೆ ಕೂತಿತ್ತು. ಇನ್ನೂ ಇಳಿಸಿದೆ. ಊಹೂಂ. ಕೋಡ್ ನೋಡಿದೆ, ಕೇಬಲ್ ಬದಲಿಸಿದೆ, ಮಧ್ಯಾಹ್ನದ ಹೊತ್ತಿಗೆ ಚಿಪ್ಪನ್ನೂ ಬೈದೆ. ಚಿಕ್ಕದು ಮಾಡಿದರೆ ಬುದ್ಧಿಯೂ ಚಿಕ್ಕದಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡು, ಹೆಚ್ಚುಕಮ್ಮಿ ಕೈಬಿಟ್ಟಿದ್ದೆ.

ಸಂಜೆ ಪಕ್ಕದಲ್ಲಿ ಕೂತ ಗೆಳತಿ, 8 ಬಿಟ್‌ಗೆ ಇಳಿಸುವಾಗ ಅಳತೆಗೆ ಬಳಸಿದ್ದ ಡೇಟಾ ಸ್ಕ್ರಾಲ್ ಮಾಡುತ್ತಾ ಕೇಳಿದಳು: "ಈ ಮೈನಸ್ 127 ಡಿಗ್ರಿ ಏನು ಮಾರಾಯ?"

ತಾಪಮಾನದ ಸೆನ್ಸರ್ ಸಂಪರ್ಕ ತಪ್ಪಿದಾಗ ಅದನ್ನು ಓದುವ ನಮ್ಮ ಲೈಬ್ರರಿ (ಸಿದ್ಧ ಕೋಡ್) ಕೊಡುವ ಸಂಖ್ಯೆ ಅದು. ಲಕ್ಷಗಟ್ಟಲೆ ಸಾಲುಗಳಲ್ಲಿ ಬರೀ ನಾಲ್ಕು ಕಡೆ ಇತ್ತು. ಆದರೆ 8 ಬಿಟ್‌ನಲ್ಲಿ ಇರುವುದೇ 256 ಮೆಟ್ಟಿಲು, ಎಲ್ಲ ಅಳತೆಗಳೂ ಅದನ್ನೇ ಹಂಚಿಕೊಳ್ಳಬೇಕು. ಆ ಒಂದು ಹುಚ್ಚು ಸಂಖ್ಯೆಗೆ ಜಾಗ ಮಾಡಿಕೊಡಲು ಏಣಿ ಉದ್ದಕ್ಕೆ ಎಳೆದುಕೊಂಡಿತ್ತು. ನಿಜವಾದ ಅಳತೆಗಳೆಲ್ಲ ತುದಿಯ 40 ಮೆಟ್ಟಿಲುಗಳಲ್ಲಿ ಒತ್ತೊತ್ತಾಗಿ ನಿಂತಿದ್ದವು. ನಾನು ಇಳಿಸಿದ ಕರೆಂಟು ಒಂದು ಮೆಟ್ಟಿಲನ್ನೂ ಸರಿಯಾಗಿ ದಾಟುತ್ತಿರಲಿಲ್ಲ. ಹಾಗೆ ನೋಡಿದರೆ ಮೈನಸ್ 127 ಹಿಡಿಯಲು ನ್ಯೂರಲ್ ನೆಟ್‌ವರ್ಕ್ ಯಾಕೆ ಬೇಕು, 'ಹೀಗಿದ್ದರೆ ಬಿಟ್ಟುಬಿಡು' ಅನ್ನುವ ಕೋಡಿನ ಒಂದು 'ಇಫ್' ಸಾಲು ಸಾಕಲ್ವಾ?

ಆ ಸಾಲನ್ನು ಮುಂದೆ ಹಾಕಿ, ನಾಲ್ಕನ್ನೂ ತೆಗೆದು, ಮತ್ತೆ 8 ಬಿಟ್‌ಗೆ ಇಳಿಸಿದೆ. ಕರೆಂಟು ಇಳಿಸಿದೆ. ಕೆಂಪು ದೀಪ ಹತ್ತಿತು.

ಆ ನಾಲ್ಕು ಸಾಲು ಯಾವಾಗಿನವು ಅಂತ ತಾರೀಖು ನೋಡಿದೆವು. ಹಿಂದಿನ ತಿಂಗಳು, ಸೆನ್ಸರ್‌ನ ತಂತಿ ಕಿತ್ತರೆ ಏನಾಗುತ್ತೆ ನೋಡೋಣ ಅಂತ ನಾನೇ ಕಿತ್ತಿದ್ದ ದಿನ. ಅವಳು ಏನೂ ಹೇಳಲಿಲ್ಲ. ಬ್ಯಾಗ್ ಎತ್ತಿಕೊಂಡು ನಗುತ್ತಾ ಹೊರಟಳು.